ಏಳನೇ ಪಾಠದ ಕೊನೆಯ ಸಾಲು

ಆರ್ಥರ್ ಮಾಸ್ತರರು ಅಂಚೆಯಲ್ಲಿ ರೇಡಿಯೊ ರಿಪೇರಿ ಕಲಿಸುತ್ತಿದ್ದರು. ನಗುವವರು ನಗಲಿ. ಹಡಗಿನ ವೈರ್‌ಲೆಸ್ ಕೆಲಸ ಬಿಟ್ಟು ಬಂದು ಹಂಪನಕಟ್ಟೆಯ ಲಾಡ್ಜೊಂದರ ಮಾಳಿಗೆಯಲ್ಲಿ ಕೋಣೆ ಹಿಡಿದಿದ್ದರು. ಪಾಠದ ಜೊತೆ ವಾಲ್ವು, ತಂತಿಗಳೂ ಪಾರ್ಸೆಲ್ಲಿನಲ್ಲಿ ಹೋಗುತ್ತಿದ್ದವು. ಹುಡುಗರು ಮನೆಯಲ್ಲೇ ಬೆಸುಗೆ ಹಾಕಿ ವಾಪಸು ಕಳಿಸಬೇಕು. ಇವರು ಒಂದೊಂದನ್ನೂ ಇಕ್ಕಳದಲ್ಲಿ ಎಳೆದು ಕಿತ್ತು, ಯಾಕೆ ಕಿತ್ತುಬಂತು ಎಂದು ಪುಟಗಟ್ಟಲೆ ಬರೆಯುವರು. ಅದನ್ನೂ ಪಾಠಗಳನ್ನೂ ಟೈಪು ಮಾಡುವವಳು ನಾನು, ಬರ್ನಡೆಟ್.

ಗಂಗೊಳ್ಳಿಯ ಹಾಶಿಂ ಹಾಕಿದ ಬೆಸುಗೆ ಮಾತ್ರ ಎಳೆದರೂ ಬರುತ್ತಿರಲಿಲ್ಲ. ಮಾಸ್ತರರು ಅವನ ಮುಖ ಕಂಡವರಲ್ಲ, ಆದರೂ ಅವನೆಂದರೆ ಪ್ರಾಣ.

೧೯೬೩ರಲ್ಲಿ ಏಳನೇ ಪಾಠವನ್ನು ಒಂದೇ ಹಾಳೆಯಲ್ಲಿ ಹಿಡಿಸಲು ನಾನು ಕೊನೆಯ ಸಾಲು ಬಿಟ್ಟೆ: ‘ಸ್ವಿಚ್ ಆರಿಸಿದ ಮೇಲೂ ಕಂಡೆನ್ಸರಿನಲ್ಲಿ ಕರೆಂಟು ಉಳಿದಿರುತ್ತದೆ, ಅದನ್ನು ಖಾಲಿ ಮಾಡದೆ ಮುಟ್ಟಬೇಡಿ.’ ಮುಂದಿನ ಪಾಠದಲ್ಲಿ ಸೇರಿಸಿದರಾಯಿತು ಎಂದುಕೊಂಡೆ. ನನ್ನ ಬುದ್ಧಿಗೆ ಬೆಂಕಿ ಬೀಳಲಿ.

ತಿಂಗಳ ಬಳಿಕ ಹಾಶಿಂನ ತಂದೆ ಅಬ್ದುಲ್ಲ ಬ್ಯಾರಿ ಬಂದರು. ಮಗ ಸ್ವಿಚ್ ಆರಿಸಿಯೇ ಸೆಟ್ಟಿನೊಳಗೆ ಕೈ ಹಾಕಿದ್ದ, ಶಾಕ್ ಹೊಡೆದು ಸತ್ತಿದ್ದ. ಕಿಸೆಯಿಂದ ಆ ಹಾಳೆ ತೆಗೆದರು.

“ನನಗೆ ಓದ್ಲಿಕ್ಕೆ ಬರುದಿಲ್ಲ ಮಾಷ್ಟ್ರೇ. ಇದ್ರಲ್ಲಿ ಎಂತ ಉಂಟು? ನನ್ನ ಮಗ ಎಲ್ಲಿ ತಪ್ಪಿದ?”

ಮಾಸ್ತರರು ಹಾಳೆ ನೋಡಿದರು. ನನ್ನನ್ನು ನೋಡಿದರು. ಆಮೇಲೆ ಮೊದಲಿನಿಂದ ಓದತೊಡಗಿ, ಕೊನೆಯಲ್ಲಿ, ಅಲ್ಲಿ ಇಲ್ಲದ ಆ ಸಾಲನ್ನೂ ಓದಿದರು.

“ಹಾಗಾದ್ರೆ ಅವನದ್ದೇ ತಪ್ಪು,” ಎಂದರು ಬ್ಯಾರಿ. ಹಾಳೆ ಮಡಚಿದರು. “ಇದು ಇರ್ಲಿ. ಅವನ ತಂಗಿ ರಹ್ಮತ್ ಬರುವ ವರ್ಷ ಶಾಲೆಗೆ ಹೋಗ್ತಾಳೆ. ಅಣ್ಣ ಕಲಿತದ್ದನ್ನು ಓದ್ಲಿ.”

ನಾನು ಟೈಪ್‌ರೈಟರಿಗೆ ಹೊಸ ಹಾಳೆ ಸಿಕ್ಕಿಸಿದೆ. ಮಾಸ್ತರರು ಅಂದಿನಿಂದ ಪ್ರತಿಯೊಂದು ಏಳನೇ ಪಾಠದ ಕೆಳಗೆ ಕೆಂಪು ಶಾಯಿಯಲ್ಲಿ ಆ ಸಾಲು ಬರೆಯುತ್ತಿದ್ದರು, ನಾನು ಟೈಪು ಮಾಡಿದ್ದರೂ ಬರೆಯುತ್ತಿದ್ದರು. ನನ್ನನ್ನು ಒಮ್ಮೆಯೂ ಬೈಯಲಿಲ್ಲ. ಪ್ರತಿ ಜೂನ್ ತಿಂಗಳಲ್ಲಿ ಮಾತ್ರ ಕ್ಯಾಲೆಂಡರಿನ ಮುಂದೆ ನಿಂತು, “ಈಗ ಎರಡನೇ ಕ್ಲಾಸು,” “ಈಗ ಮೂರನೇದು,” ಎನ್ನುತ್ತಿದ್ದರು.

ರಹ್ಮತ್ ನಾಲ್ಕನೇ ಕ್ಲಾಸಿಗೆ ಬಂದ ವರ್ಷ ಗಂಗೊಳ್ಳಿಯಿಂದ ಕಾರ್ಡು ಬಂತು. ದುಂಡು ಅಕ್ಷರ.

‘ಮಾಸ್ತರರೇ, ಅಪ್ಪನಿಗೆ ನೀವು ಓದಿ ಹೇಳಿದಿರಂತಲ್ಲ, ಆ ಕೊನೆಯ ಸಾಲು ಅಣ್ಣನ ಹಾಳೆಯಲ್ಲಿ ಇಲ್ಲ. ನಾನು ಮೂರು ಸಲ ಹುಡುಕಿದೆ. ಅಪ್ಪನಿಗೆ ಏನು ಹೇಳಲಿ?’

ಮಾಸ್ತರರು ಕಾರ್ಡನ್ನು ನನ್ನ ಟೈಪ್‌ರೈಟರಿನ ಮೇಲಿಟ್ಟು, ಇಕ್ಕಳ ಎತ್ತಿಕೊಂಡು, ಯಾರದೋ ಬೆಸುಗೆ ಎಳೆಯತೊಡಗಿದರು.