ಮಾರ್ಥಕ್ಕ ಬಿಟ್ಟ ರೊಟ್ಟಿ

ಮಾರ್ಥಕ್ಕ ಹೊಲಿದ ಬಟ್ಟೆಗೆ ಜೇಬು ಇದ್ದೇ ಇರುತ್ತಿತ್ತು. ಚೂಡಿದಾರಕ್ಕೆ, ಪರಕಾರಕ್ಕೆ, ಒಮ್ಮೆ ಪಾಸ್ಟರ ಹೆಂಡತಿಯ ರೇಷ್ಮೆ ಕುಪ್ಪಸಕ್ಕೂ ಇಟ್ಟುಬಿಟ್ಟಿದ್ದಳು. ಕೇಳಿದರೆ, ಗುತ್ತಲ ಸಂತೆಗೆ ಹೋದಾಗ ನನ್ನನ್ನು ನೆನೆಸುತ್ತೀರಿ ಎಂದು ನಗುತ್ತಿದ್ದಳು. ರಾಣೆಬೆನ್ನೂರಿನ ನಮ್ಮ ಸಣ್ಣ ಚರ್ಚಿನ ಪಕ್ಕದಲ್ಲೇ ಆಕೆಯ ಅಂಗಡಿ.

ನಾನಾಗ ಹತ್ತನೇ ತರಗತಿ. ಚೂಡಿದಾರದ ಅಳತೆಗೆ ಆಕೆ ಟೇಪು ಹಿಡಿದು ಹತ್ತಿರ ಬಂದಾಗ ಗೋಡೆಗೆ ಸರಿದು ನಿಂತೆ. ಮಾರ್ಥಕ್ಕ ಟೇಪು ನನ್ನ ಕೈಗೇ ಕೊಟ್ಟು, "ನೀನ ಅಳತಿ ತಗೋ ತಂಗಿ, ನಾ ಬರಕೋತೇನಿ" ಎಂದಳು. ನನ್ನ ಅಳತೆಯ ಪ್ರತಾಪಕ್ಕೆ ಆ ಚೂಡಿದಾರದಲ್ಲಿ ಇಬ್ಬರು ಹಿಡಿಸುತ್ತಿದ್ದರು. ಅದನ್ನು ಬಿಚ್ಚಿ ಹೊಲಿಸಲು ಹೋದಾಗಲೇ, ಸೋದರಮಾವ ವರ್ಷಗಳಿಂದ ನನ್ನ ಮೈ ಮುಟ್ಟುತ್ತಿದ್ದದ್ದನ್ನು ಆಕೆಗೆ ಹೇಳಿದ್ದು. ಮನೆಯವರಿಗೆ ಮರ್ಯಾದೆಯ ಚಿಂತೆ. ಮಾರ್ಥಕ್ಕ ಮಾತ್ರ ನಂಬಿದಳು. ಸ್ಕೂಟಿಯಲ್ಲಿ ಠಾಣೆಗೆ ಕರೆದೊಯ್ದಳು. ದಾರಿಯುದ್ದಕ್ಕೂ ಗೀತೆ ಹಾಡಿದಳು, ಅಡ್ಡ ಬಂದ ಎಮ್ಮೆಯನ್ನು ಬೈದಳು.

ಜಾಮೀನಿನ ಮೇಲೆ ಬಂದ ಮಾವ ಒಂದು ಭಾನುವಾರ ಚರ್ಚಿಗೂ ಬಂದ. ಯೇಸುವಿನ ನೆನಪಿಗೆ ರೊಟ್ಟಿ ಮುರಿದು ಹಂಚುವ ಕರ್ತನ ಭೋಜನಕ್ಕೆ ಮುಂಚೆ, ಮುನಿಸಿದ್ದವರು ಕೈ ಹಿಡಿದು ರಾಜಿಯಾಗುವುದು ನಮ್ಮ ಪದ್ಧತಿ. ಮಾವನ ಕೈ ಹಿಡಿ, ಕ್ಷಮಿಸದವರಿಗೆ ರೊಟ್ಟಿಯಿಲ್ಲ ಎಂದರು ಪಾಸ್ಟರು. ಅವ್ವ ಹಿಂದಿನಿಂದ ತಿವಿದಳು. ನನ್ನ ಕೈ ಏಳಲಿಲ್ಲ.

ಮಾರ್ಥಕ್ಕ ಎದ್ದು ನಿಂತಳು. "ಆಕಿ ಕೈ ಆಕೀದ್ರಿ. ಕ್ಷಮಾ ಆಕಿಗೂ ದೇವರಿಗೂ ಬಿಟ್ಟದ್ದು. ಆಕಿಗೆ ರೊಟ್ಟಿ ಇಲ್ಲಂದ್ರ ನನಗೂ ಬ್ಯಾಡ."

ಅಂದಿನಿಂದ ರೊಟ್ಟಿಯ ತಟ್ಟೆ ಬಂದರೆ, ಮದುವೆಮನೆಯಲ್ಲಿ ಹೊಟ್ಟೆ ತುಂಬಿದವರು ಲಾಡು ಬೇಡವೆನ್ನುವಂತೆ ಪಕ್ಕಕ್ಕೆ ದಾಟಿಸಿಬಿಡುತ್ತಿದ್ದಳು. ಅಂಥ ಭಕ್ತೆ ನನ್ನಿಂದಾಗಿ ರೊಟ್ಟಿ ಬಿಟ್ಟಳಲ್ಲ ಎಂದು ನನಗೆ ಸಂಕಟ. ಹೇಳಿಕೊಂಡರೆ, "ಸತ್ತು ಎದ್ದು ಬಂದ ಮ್ಯಾಲೂ ಯೇಸು ಗಾಯ ಮುಚ್ಚಿಡಲಿಲ್ಲವ್ವಾ, ತೋರಿಸಿದ. ನಿನಗ್ಯಾಕ ಅವಸರ?" ಎನ್ನುತ್ತಿದ್ದಳು. ನಾನು ಅತ್ತರೆ ಚಹಾ ಮಾಡಿ ಕೊಡುತ್ತಿದ್ದಳು. ಸಕ್ಕರೆ ಮಾತ್ರ ವಿಪರೀತ.

ಮಾವನಿಗೆ ಶಿಕ್ಷೆಯಾಯಿತು. ನನಗೆ ಹಾವೇರಿಯಲ್ಲಿ ಕೆಲಸ ಸಿಕ್ಕಿತು. ಹೋದ ವರ್ಷ ಅಲ್ಲಿನ ಆಸ್ಪತ್ರೆಯಲ್ಲೇ ಮಾರ್ಥಕ್ಕನ ಕೊನೆಯ ದಿನಗಳು ಕಳೆದವು. ನಾನು ಜೊತೆಗಿದ್ದಾಗ ಪಾಸ್ಟರು ರೊಟ್ಟಿ ತಂದರು. ಮಾರ್ಥಕ್ಕ ತುಟಿ ಬಿಗಿದು ನನ್ನತ್ತ ನೋಡಿದಳು.

"ನಾ ಇನ್ನೂ ಮಾವನ್ನ ಕ್ಷಮಿಸಿಲ್ರಿ" ಎಂದೆ.

ಪಾಸ್ಟರು, "ಅವತ್ತ ನಾ ಹಂಗ ಅನಬಾರದಿತ್ತವ್ವಾ. ತಪ್ಪು ನಂದು" ಎಂದು ರೊಟ್ಟಿ ಮುರಿದು ಮೊದಲು ನನಗೇ ಕೊಟ್ಟರು.

ನಾನು ತಿಂದೆ. ಆಮೇಲೆ ಮಾರ್ಥಕ್ಕ ಬಾಯಿ ತೆರೆದಳು.