ಲಾಮನ ರಟ್ಟಿನ ಬೋರ್ಡು

ಲಾಮನಿಗೆ ‘ಇಲ್ಲ’ ಅನ್ನಲು ಬರುತ್ತಿರಲಿಲ್ಲ. ನೈರೋಬಿಯ ನ್ಗಾರಾದಲ್ಲಿ, ಸಗಟು ಅಂಗಡಿಗಳ ಹಿಂದಿನ ಅಂಗಳದಲ್ಲಿ, ಕೆಂಡದಲ್ಲಿ ಸುಟ್ಟ ಬಾತುಕೋಳಿ ಮಾರುತ್ತಿದ್ದ ಈ ಚೀನೀ ಮನುಷ್ಯನಿಗೆ ಸ್ವಾಹಿಲಿಯ ಐವತ್ತು ಪದ ಬರುತ್ತಿತ್ತು, ಇಂಗ್ಲಿಷ್ ಅದಕ್ಕಿಂತ ಕಡಿಮೆ. ಎರಡರಲ್ಲೂ ಆ ಒಂದು ಪದ ಕಲಿತಿರಲಿಲ್ಲ. ಬಾತು ಮುಗಿದಿದ್ದರೆ “ಕೆಶೋ, ರಫಿಕಿ” ಅನ್ನುತ್ತಿದ್ದ. ನಾಳೆ, ಗೆಳೆಯ. ಹಂದಿ ಮಾಂಸ ಬೆಂದಿಲ್ಲವೆಂದರೂ ಕೆಶೋ, ಸೂಪು ತಳ ಹತ್ತಿದ್ದರೂ ಕೆಶೋ.

ನಾನಾಗ ಬೆಂಗಳೂರಿನಿಂದ ಎರಡು ವರ್ಷದ ಮಟ್ಟಿಗೆ ಬಂದು ರಿವರ್‌ಸೈಡಿನ ಒಂದು ಟೆಲಿಕಾಂ ಆಫೀಸಿನಲ್ಲಿದ್ದೆ. ಅಲ್ಲಿ ಕೆಳಗಡೆ ಒಂದು ಒಣಕಲು ಸ್ಯಾಂಡ್‌ವಿಚ್ಚಿಗೆ ಕೀಳುತ್ತಿದ್ದ ದುಡ್ಡಿಗೆ ಲಾಮ್ ಒಂದು ತಟ್ಟೆ ಅನ್ನ, ಕಾಲು ಬಾತು, ಮೇಲೆ ಎರಡು ತುಂಡು ಹುರಿದ ಹಂದಿ ಕೊಡುತ್ತಿದ್ದ. ಮೊದಲ ದಿನ, ಕೊಕ್ಕೆಗೆ ನೇತುಬಿದ್ದದ್ದನ್ನು ತೋರಿಸುವಾಗ ನನ್ನ ಬಾಯಿಂದ “ಬಾತು” ಅಂತಲೇ ಬಂತು. “ಬಾತಾ, ಬಾತಾ” ಎಂದು ಅವನು ತಲೆಯಾಡಿಸಿದ. ಸ್ವಾಹಿಲಿಯಲ್ಲೂ ಅದು ಬಾತಾ ಎಂದು ಆಮೇಲೆ ಗೊತ್ತಾಯಿತು. ಇವನಿಗೂ ಕನ್ನಡ ಬರುತ್ತದೆಂದು ನಾನು, ತನ್ನ ಸ್ವಾಹಿಲಿ ಕೊನೆಗೂ ಒಬ್ಬರಿಗೆ ತಿಳಿಯಿತೆಂದು ಅವನು, ಇಬ್ಬರೂ ಬೀಗಿದ್ದೆವು.

ಎಣ್ಣೆಯ ಹಳೇ ಡ್ರಮ್ಮೇ ಅವನ ಒಲೆ. ಮುಚ್ಚಳ ತೆಗೆದರೆ ಚಕ್ಕೆ, ಅನಾನಸ್ ಹೂವಿನ ವಾಸನೆ, ಥೇಟ್ ನಮ್ಮ ಪಲಾವಿನದು. ಬಾತನ್ನು ಹೊರತೆಗೆದು ಕತ್ತಿಯ ಹಿಂಬದಿಯಿಂದ ಚರ್ಮದ ಮೇಲೆ ಕುಟ್ಟಿ, ಕಲ್ಲಂಗಡಿ ಕೊಳ್ಳುವವರ ಹಾಗೆ ಕಿವಿಗೊಡುತ್ತಿದ್ದ. ಸದ್ದು ಸರಿಯಿಲ್ಲವೆನಿಸಿದರೆ ಎದುರಿಗೆ ಹತ್ತು ಜನ ಕಾದಿದ್ದರೂ ಮತ್ತೆ ಡ್ರಮ್ಮಿಗೇ ಇಳಿಸುವನು. “ಬಾತಾ ನಾಟ್ ಟಾಕಿಂಗ್” ಅನ್ನುವನು. ಇನ್ನೂ ಮಾತಾಡುತ್ತಿಲ್ಲವಂತೆ.

ಬಾತು ಮುಗಿದ ಮೇಲೆ ‘KESHO’ ಎಂದು ಬರೆದ ರಟ್ಟು ನೇತುಹಾಕುತ್ತಿದ್ದ. ಮೀಟಿಂಗು ಮುಗಿಸಿ ಮಟಾಟು ವ್ಯಾನು ಹಿಡಿದು ಹೋಗುವಷ್ಟರಲ್ಲಿ ನನಗೆ ಎಷ್ಟೋ ಸಲ ಅದೇ ಸಿಗುತ್ತಿತ್ತು. ಒಂದು ದಿನ ರೇಗಿ ಅವನಿಗೆ ನಮ್ಮ ಕಡೆಯ ಕಥೆ ಹೇಳಿದೆ. ನಾನು ಚಿಕ್ಕವನಿದ್ದಾಗ ನಮ್ಮ ವಠಾರದ ಬಾಗಿಲುಗಳ ಮೇಲೆಲ್ಲ ‘ನಾಳೆ ಬಾ’ ಎಂದು ಬರೆದಿರುತ್ತಿದ್ದರು. ಮನೆಯವರ ದನಿಯಲ್ಲಿ ಕರೆಯುವ ದೆವ್ವ ಬಂದು, ಓದಿ, ಹಿಂದಿರುಗುತ್ತದೆ. ಮರುದಿನ ಬಂದರೆ ಮತ್ತೆ ಅದೇ. ಲಾಮ್ ಕತ್ತಿ ಕೆಳಗಿಟ್ಟು ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ರಟ್ಟಿನ ಹಿಂಬದಿಗೆ ಅದನ್ನು ನನ್ನ ಕೈಯಲ್ಲೇ ಕನ್ನಡದಲ್ಲಿ ಬರೆಸಿಕೊಂಡ. ಆಮೇಲೆ ನಾನು ತಡವಾಗಿ ಹೋದಾಗೆಲ್ಲ ಆ ಬದಿ ತಿರುಗಿಸಿ “ನಾಲೆ ಬಾ, ದೆವಾ” ಎಂದು ಹಲ್ಲು ಕಿರಿಯುತ್ತಿದ್ದ.

ಆ ವರ್ಷ ನನ್ನ ಹೆಂಡತಿ ಕುಸುಮಾ ಬಸುರಿ. ಕಿಲೆಲೆಶ್ವಾದ ಫ್ಲ್ಯಾಟಿನಲ್ಲಿ ನಾವಿಬ್ಬರೇ. ಅವಳಮ್ಮನಿಗೆ ಮಂಡಿನೋವು, ವಿಮಾನ ಹತ್ತುವ ಹಾಗಿರಲಿಲ್ಲ. ಏನು ತಿಂದರೂ ವಾಂತಿ. ಒಮ್ಮೆ ಲಾಮನ ಬಾತು ಕಟ್ಟಿಸಿಕೊಂಡು ಹೋದೆ, ಅದೊಂದು ಹೊಟ್ಟೆಯಲ್ಲಿ ನಿಂತಿತು. ಏಳು ತಿಂಗಳು ತುಂಬಿದಾಗ ಬಯಕೆಯೂಟಕ್ಕೆ ಏನು ಬೇಕೆಂದು ಕೇಳಿದೆ.

“ಹೋಳಿಗೆ ಗೀಳಿಗೆ ಏನೂ ಬೇಡ ಕಣ್ರೀ. ಒಂದಿಡೀ ಬಾತು ತನ್ನಿ. ಚರ್ಮ ಕುರುಕುರು ಅನ್ಬೇಕು.”

ಲಾಮನಿಗೆ ಹೇಳಿದೆ. ಅವನು ಕೈ ಒರೆಸಿಕೊಂಡು ನನ್ನ ಭುಜ ಹಿಡಿದು, “ಸಂಡೇ. ಹೋಲ್ ಬಾತಾ. ಫಾರ್ ಮಾಮಾ” ಎಂದ. ಕೆಶೋ ಅನ್ನಲಿಲ್ಲ, ಭಾನುವಾರ ಎಂದ. ಅದಕ್ಕೇ ನಂಬಿದೆ.

ಭಾನುವಾರ ಕುಸುಮಾ ತಲೆಗೆ ನೀರು ಹಾಕಿಕೊಂಡು, ಊರಿಂದ ಬಂದಿದ್ದ ಹಸಿರು ಬಳೆ ತೊಟ್ಟು ಕೂತಿದ್ದಳು. ನಾನು ಹೋಗಿ ನೋಡಿದರೆ ಅಂಗಡಿಗೆ ಬೀಗ. ರಟ್ಟು ಕನ್ನಡದ ಬದಿಗೆ ತಿರುಗಿತ್ತು. ಬರಿಗೈಯಲ್ಲಿ ಬಂದು, ನಾಳೆ ಬರುವಂತೆ ಬರೆದಿಟ್ಟಿದ್ದಾನೆ ಎಂದೆ.

“ನೀವೇ ಬರ್ಕೊಟ್ಟಿದ್ದಲ್ವಾ ಅದು?” ಎಂದಳು. ಎದ್ದು ಮೊಸರನ್ನ ಕಲಸಿಕೊಂಡಳು.

ಸೋಮವಾರ ಮಾಂಸ ಮುಟ್ಟದ ನಾನು ಸೋಮವಾರವೇ ಮತ್ತೆ ಹೋದೆ. ಪಕ್ಕದಲ್ಲಿ ಬೆಣ್ಣೆಹಣ್ಣು ಮಾರುವ ವಾಂಬುಯಿ ನನ್ನನ್ನು ಕಂಡು ಪಾಪ ಅನ್ನುವ ಹಾಗೆ ಹೇಳಿದಳು: “ಪೋಲೆ ಸಾನಾ, ಬಾಬಾ. ಅವನು ಶುಕ್ರವಾರವೇ ಚೀನಾಕ್ಕೆ ಹೋದ. ಟಿಕೆಟ್ ತೆಗೆಸಿ ಒಂದು ತಿಂಗಳಾಗಿತ್ತು. ಈ ಬೋರ್ಡು ನಿನಗಂತೆ. ಏನು ಬರೆದಿದೆ?”

“ಕೆಶೋ” ಎಂದೆ.

ನನ್ನ ಭುಜ ಹಿಡಿದು ಮಾತು ಕೊಡುವಾಗಲೇ ಅವನ ಜೇಬಲ್ಲಿ ಟಿಕೆಟ್ ಇತ್ತು. ಹೋಗುತ್ತೇನೆ ಎಂದಿದ್ದರೆ ನಾನೇನು ಕಾಲು ಹಿಡಿದು ನಿಲ್ಲಿಸುತ್ತಿದ್ದೆನೇ? ಅಂಗಡಿ ಮುಚ್ಚುವವನು ಸುಮ್ಮನೆ ಮುಚ್ಚಿ ಹೋಗಬಹುದಿತ್ತು. ನಾನು ನಂಬಿ ಹೇಳಿದ ಕಥೆಯನ್ನೇ ನನ್ನ ಮುಖಕ್ಕೆ ಕಟ್ಟಿ ಹೋದನಲ್ಲ, ಅದು ಇವತ್ತಿಗೂ ಉರಿಯುತ್ತದೆ.

ಮಗಳು ಹುಟ್ಟಿದಳು. ಎಂಟನೇ ತಿಂಗಳಲ್ಲಿ ಅವಳ ಕಿವಿ ಸೋರತೊಡಗಿತು. ಫೋನಿನಲ್ಲಿ ನಮ್ಮಮ್ಮ, “ಬಸುರಿ ಬಯಕೆ ತೀರಿಸ್ದೇ ಇದ್ರೆ ಮಗೀನ ಕಿವಿ ಸೋರ್ದೆ ಇನ್ನೇನಾಗತ್ತೆ?” ಎಂದರು. ಡಾಕ್ಟರು ಶೀತ ಎಂದು ಹನಿ ಔಷಧಿ ಕೊಟ್ಟರು. ಎರಡು ವಾರದಲ್ಲಿ ವಾಸಿಯಾಯಿತು. ಅಷ್ಟೂ ದಿನ ಮಗುವಿನ ಕಿವಿಗೆ ಹತ್ತಿ ಇಡುತ್ತಾ ನಾನು ಲಾಮನಿಗೆ ಶಾಪ ಹಾಕಿದೆ. ಸತ್ತ ಬಾತಿನ ಮಾತಿಗೆ ಕಿವಿಗೊಡುತ್ತಿದ್ದವನಿಗೆ ನನ್ನ ಮಾತು ಕೇಳಿಸಲಿಲ್ಲವೇ ಎಂದು.

ಕುಸುಮಾಗೆ ಹೇಳದೆ ಉಳಿದದ್ದು ಒಂದಿದೆ. ವಾಂಬುಯಿ ಎಲ್ಲ ಬಿಡಿಸಿ ಹೇಳಿದ ಮೇಲೂ ನಾನು ಮಂಗಳವಾರ ಮತ್ತೆ ನ್ಗಾರಾಕ್ಕೆ ಹೋಗಿದ್ದೆ. ಡ್ರಮ್ಮು ತಣ್ಣಗಿತ್ತು. ನನ್ನ ಕೈಯಕ್ಷರವನ್ನೇ ಎದುರಿಗೆ ನಿಂತು ಓದಿ, ವಾಪಸು ಬಂದೆ.