ಗುರುವಿನ ಹನ್ನೆರಡನೆಯ ಚಂದ್ರ

ನಮ್ಮ ಮದುವೆಯ ದಿನ ತಟ್ಟೆಯಲ್ಲಿ ಅಕ್ಕಿ ಹರವಿ, ಉಂಗುರದ ತುದಿಯಿಂದ ನನ್ನ ಗಂಡ ನನಗೊಂದು ಹೊಸ ಹೆಸರು ಬರೆದರು. ಯಾರೂ ನನ್ನನ್ನು ಕೇಳಲಿಲ್ಲ. ಕೇಳುವ ಪದ್ಧತಿಯೂ ಇರಲಿಲ್ಲ. ನಾಗಪುರದ ರೈಲ್ವೆ ಕ್ವಾರ್ಟರ್ಸಿಗೆ ಬಂದ ಮೇಲೆ ಆ ಹೆಸರಿಗೇ ಓಗೊಡುವುದು ರೂಢಿಯಾಯಿತು.

ಅಲ್ಲಿಯ ಕನ್ನಡದ ಮನೆಗಳವರು ಕೈಬರಹದ ಪತ್ರಿಕೆಯೊಂದನ್ನು ನಡೆಸುತ್ತಿದ್ದರು. ಇದ್ದದ್ದು ಒಂದೇ ಪ್ರತಿ. ಖಾಕಿ ಬಟ್ಟೆಯ ಹೊದಿಕೆಯಲ್ಲಿ ಅದು ಮನೆಯಿಂದ ಮನೆಗೆ ಮೂರು ಮೂರು ದಿನ ಹೋಗುತ್ತಿತ್ತು. ಕಾನ್ವೆಂಟಿನ ಸಿಸ್ಟರುಗಳು ಬೆರಳಿಗೆ ಹೊಡೆದು ತಿದ್ದಿದ ನನ್ನ ಅಕ್ಷರ ದುಂಡಗಿತ್ತು. ಹಾಗಾಗಿ ಎಲ್ಲರ ಬರಹಗಳನ್ನೂ ನಕಲು ಮಾಡುವ ಕೆಲಸ ನನ್ನದಾಯಿತು. ಎರಡು ವರ್ಷ ಇನ್ನೊಬ್ಬರ ಕವಿತೆಗಳನ್ನು ಒಂದು ಒತ್ತೂ ತಪ್ಪದಂತೆ ಬರೆದೆ.

ಆಮೇಲೆ ಗುರುಗ್ರಹಕ್ಕೆ ಹನ್ನೆರಡನೆಯ ಚಂದ್ರ ಸಿಕ್ಕಿದ ಸುದ್ದಿ ಇಂಗ್ಲಿಷ್ ಪೇಪರಿನಲ್ಲಿ ನಾಲ್ಕು ಸಾಲು ಬಂತು. ಸೀತಾಬರ್ಡಿಯ ವಾಚನಾಲಯಕ್ಕೆ ನಾಲ್ಕು ಮಧ್ಯಾಹ್ನ ಹೋಗಿ ಓದಿ, ಲೇಖನ ಬರೆದೆ. ಫೋಟೋದಲ್ಲಿ ಕಂಡ ಚುಕ್ಕೆ ದಾರಿಹೋಕ ಕ್ಷುದ್ರಗ್ರಹವೋ ಗುರುವಿನದೇ ಚಂದ್ರನೋ ಎಂಬುದನ್ನು ಅದರ ಹಾದಿಯ ಲೆಕ್ಕ ಹಾಕಿಯೇ ಹೇಳಬೇಕು. ಯುರೇನಸ್, ನೆಪ್ಚೂನುಗಳ ಹೊಸ ಚಂದ್ರರಿಗೆ ಕಂಡುಹಿಡಿದವರೇ ಹೆಸರಿಟ್ಟಿದ್ದರು. ಗುರುವಿನ ಈ ಚಿಕ್ಕದಕ್ಕೆ ಹೆಸರೇ ಇಲ್ಲ, ಬರೀ ಅಂಕಿ. ದೊಡ್ಡ ಚಂದ್ರರು ಹೋಗುವ ದಿಕ್ಕಿಗೆ ಎದುರಾಗಿ ಅದು ಸುತ್ತುತ್ತದೆ. ಇಷ್ಟನ್ನು ನಾಲ್ಕು ಪುಟಗಳಲ್ಲಿ ಬರೆದು, ನನ್ನ ತವರಿನ ಹೆಸರನ್ನು ಒಂದು ಚೀಟಿಯಲ್ಲಿ ಬರೆದಿಟ್ಟು ಕಳಿಸಿದೆ. ಅದೊಂದು ಕಡೆಯಾದರೂ ಆ ಹೆಸರು ಇರಲಿ ಎಂಬ ಆಸೆ. ವಿಭಾಗದ ಹೆಸರನ್ನೂ ಲೇಖಕರ ಹೆಸರನ್ನೂ ಕೆಂಪು ಶಾಯಿಯಲ್ಲಿ ಸಂಪಾದಕರೇ ಬರೆಯುವುದು ವಾಡಿಕೆ. ಅವರು ಬ್ಯಾಂಕಿನಲ್ಲಿದ್ದ ಹಿರಿಯ ರಾಯರು.

ಪತ್ರಿಕೆ ನಮ್ಮ ಮನೆಗೆ ಬರುವುದು ಐದನೆಯದಾಗಿ. ಅದಕ್ಕೂ ಮೊದಲೇ ಓದಿದ್ದ ಪಕ್ಕದ ಮನೆಯಾಕೆ ಬೇಲಿಯ ಬಳಿ ನಿಲ್ಲಿಸಿ ಕೇಳಿದರು.

"ವೈನಿ, ನಮ್ಮ ಹುಡುಗಿಗೆ ಈ ವರ್ಷ ಗುರುಬಲ ಅದ ಅಂದಿದ್ರು. ಈ ಹೊಸಾ ಚಂದ್ರ ಬಂದು ಕೆಡಸ್ತಾನೇನು? ನವಧಾನ್ಯದಾಗ ಇವಗ ಯಾವ ಕಾಳು, ಹೇಳ್ರಿ. ಇತವಾರಿ ಪ್ಯಾಟಿಗೆ ಹೊಂಟೀನಿ, ತಂದೇ ಬಿಡ್ತೀನಿ."

ನನಗೆ ನಗು ಬಂತು. ಪತ್ರಿಕೆ ಕೈಗೆ ಬಂದ ಮೇಲೆ ನಗು ಉಳಿಯಲಿಲ್ಲ. ಲೇಖನದ ಮೇಲೆ ಕೆಂಪಗೆ 'ಜ್ಯೋತಿಷ್ಯ' ಎಂದಿತ್ತು. ಗುರುವಾರ ಹಳದಿ ವಸ್ತ್ರ ದಾನ ಮಾಡಿದರೆ ಒಳ್ಳೆಯದೆಂದು ರಾಯರು ಕೊನೆಗೊಂದು ಸಾಲು ತಾವೇ ಸೇರಿಸಿದ್ದರು. ಅದರ ಕೆಳಗೆ ನನ್ನ ಗಂಡನ ಹೆಸರು, ಅದರ ಮುಂದೆ 'ಶ್ರೀಮತಿ'. ತವರಿನ ಹೆಸರೂ ಇಲ್ಲ, ಅಕ್ಕಿಯಲ್ಲಿ ಬರೆದದ್ದೂ ಇಲ್ಲ.

ಗಂಡನಿಗೆ ತೋರಿಸಿದೆ. ರಾಯರು ಹಿರಿಯರು, ಹೋಗಿ ತಕರಾರು ಮಾಡುವುದು ಬರೋಬರ್ ಅಲ್ಲ ಎಂದರು. ಮತ್ತೆ ಪೇಪರು ಬಿಡಿಸಿಕೊಂಡರು.

ಮೂರನೆಯ ದಿನ, ಅವರು ಕಚೇರಿಗೆ ಹೋದ ಮೇಲೆ, ಕೆಂಪು ಅಕ್ಷರಗಳನ್ನೆಲ್ಲ ಬ್ಲೇಡಿನಿಂದ ಕೆರೆದೆ. ಕಾಗದ ತೆಳ್ಳಗಾಗಿ ಹಿಂದಿನ ಪುಟದ ಹಪ್ಪಳದ ವಿಧಾನ ಮಸುಕಾಗಿ ಕಾಣತೊಡಗಿತು. ಶಾಯಿ ಹರಡದಂತೆ ಉಸಿರು ಹಿಡಿದು ಮೇಲೆ 'ವಿಜ್ಞಾನ' ಎಂದೂ ಕೆಳಗೆ ನನ್ನ ತವರಿನ ಹೆಸರನ್ನೂ ಬರೆದು, ಆರನೆಯ ಮನೆಗೆ ಕಳಿಸಿದೆ.

ಆರನೆಯ ಮನೆಯವರು ಕಾಲೇಜಿನಲ್ಲಿ ವಿಜ್ಞಾನ ಹೇಳುವ ಮೇಷ್ಟರು, ಹೊಸದಾಗಿ ಬಂದವರು. ಆ ಭಾನುವಾರ ನಮ್ಮ ಮನೆಗೆ ಬಂದರು. ಇಷ್ಟು ಚೆನ್ನಾಗಿ ತಿಳಿಸಿ ಹೇಳುವವರು ಕಾಲೇಜಿನಲ್ಲೂ ಕಡಿಮೆ ಎಂದು ಹೊಗಳಿದರು. ಆಮೇಲೆ ಆ ಹೆಸರು ಹೇಳಿ, "ಅವರ ಮನಿ ಯಾವುದ್ರಿ? ಭೆಟ್ಟಿ ಆಗಬೇಕು. ಇನ್ನೂ ಬರೀರಿ ಅಂತ ಹೇಳಬೇಕು" ಎಂದರು.

ನಾನು ಅವಲಕ್ಕಿಯ ತಟ್ಟೆ ಹಿಡಿದು ಬಾಗಿಲಲ್ಲಿದ್ದೆ. ನನ್ನ ಗಂಡ ನನ್ನನ್ನು ನೋಡಿದರು, ತಟ್ಟೆಯನ್ನು ನೋಡಿದರು.

"ಆ ಹೆಸರಿನವರು ನಮ್ಮೊಳಗ ಯಾರೂ ಇಲ್ಲ" ಎಂದರು. "ಊರಿನಿಂದ ಯಾರೋ ಕಳಿಸಿರಬೇಕು."

ನಾನು ತಟ್ಟೆಯನ್ನು ಮೇಷ್ಟರ ಮುಂದೆ ಹಿಡಿದೆ. ಹೊರಗಿನವರ ಎದುರು ಗಂಡನ ಮಾತು ಸುಳ್ಳೆನ್ನುವುದನ್ನು ಕಾನ್ವೆಂಟಿನಲ್ಲಿಯೂ ಕಲಿಸಿರಲಿಲ್ಲ. ಮೇಷ್ಟರು ನಿರಾಸೆಯಿಂದ ತಟ್ಟೆ ತೆಗೆದುಕೊಂಡು, ಒಂದು ತುತ್ತು ತಿಂದು, "ಅವಲಕ್ಕಿ ಚಲೋ ಆಗ್ಯಾವ್ರಿ, ವೈನಿ" ಎಂದರು.

ಮುಂದಿನ ಸಂಚಿಕೆಗೆ ನಕಲು ಮಾಡಲು ಕಾಗದದ ಕಟ್ಟು ಬಂದಾಗ ಕೈನೋವು ಎಂದೆ. ಯಾವ ಕೈ ಎಂದು ಗಂಡ ಕೇಳಲಿಲ್ಲ. ಸಂಜೆ ಅವರೇ ಅದನ್ನು ರಾಯರ ಮನೆಗೆ ಒಯ್ದು ಕೊಟ್ಟು ಬಂದರು.